ಗಟ್ಟಿಯಾದದ್ದೇ ಬೇಕೆ?

ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಬೆಂಗಳೂರಿನ ತಮ್ಮನ ಮನೆಗೆ ಹೋಗಿದ್ದೆ. ವರ್ಷವಿಡೀ ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದಿ ತಿದ್ದಿ ಕಣ್ಣು ಸೋತಿತ್ತು. ಈ ನಾಲ್ಕು ದಿನ ಯಾವ ಪುಸ್ತಕವನ್ನೂ ಮುಟ್ಟಬಾರದು ಎಂದುಕೊಂಡಿದ್ದೆ. ಆದರೆ ಕಲಿಯಬೇಕೆಂದು ಹಣೆಯಲ್ಲಿ ಬರೆದಿದ್ದರೆ ಅದಕ್ಕೆ ಪುಸ್ತಕವೇ ಆಗಬೇಕೆಂದಿಲ್ಲವಲ್ಲ. ಈ ಸಲ ನನಗೆ ಪಾಠ ಹೇಳಿದ್ದು ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಒಂದು ಕಪ್ಪು ಡಬ್ಬಿ. ಅದರ ಹೆಸರು ಸರ್ವೋ.

ತಮ್ಮನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಅವನ ಹತ್ತಿರ ರಿಮೋಟಿನಿಂದ ಓಡುವ ಒಂದು ಲಾರಿ ಇದೆ. ಆಟಿಕೆ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ನಿಜವಾದ ಗಾಡಿಯ ಹತ್ತರಲ್ಲೊಂದು ಅಳತೆಯದು. ದಪ್ಪ ರಬ್ಬರ್ ಗಾಲಿಗಳು, ಮೆತ್ತನೆಯ ಸ್ಪ್ರಿಂಗುಗಳು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಬಿದ್ದಿರುವ ಜಲ್ಲಿ, ಸೈಜುಗಲ್ಲುಗಳ ಮೇಲೆ ಅದು ಮೆಲ್ಲಮೆಲ್ಲಗೆ ಹತ್ತಿ ಇಳಿಯುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಾನು ಹೋದ ಮಾರನೆಯ ದಿನವೇ ಅದು ಕೆಟ್ಟಿತು. ಎರಡು ಕಲ್ಲುಗಳ ನಡುವೆ ಮುಂದಿನ ಗಾಲಿ ಸಿಕ್ಕಿಕೊಂಡಿತ್ತು. ಹುಡುಗ ರಿಮೋಟನ್ನು ಪೂರ್ತಿ ತಿರುಗಿಸಿ ಹಿಡಿದೇ ಇದ್ದ. ಒಳಗಿನಿಂದ ಗುಂಯ್ ಎಂಬ ಸದ್ದು, ಆಮೇಲೆ ಸುಟ್ಟ ವಾಸನೆ. ಅಲ್ಲಿಗೆ ಗಾಲಿ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ಸರ್ವೋ ಹೋಯ್ತು ಅತ್ತೆ. ವೀಕ್ ಆಗಿತ್ತು. ಈ ಸಲ ಸ್ಟ್ರಾಂಗ್ ಆಗಿರೋದು ಹಾಕ್ಬೇಕು" ಎಂದ. ತಮ್ಮನಿಗೆ ಬಿಡುವಿರಲಿಲ್ಲ. ನನಗೆ ಬಿಡುವೊಂದೇ ಇತ್ತು. "ನಡಿ, ನಾನೇ ಬರ್ತೀನಿ" ಎಂದು ಹೊರಟೆ.

ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಅವನು ನನಗೆ ಸರ್ವೋ ಎಂದರೇನೆಂದು ಹೇಳಿದ. ಗಾಡಿ ಹಿಂದೆ ಮುಂದೆ ಓಡಲು ಒಂದು ಮೋಟಾರು ಇರುತ್ತದೆ. ಮುಂದಿನ ಗಾಲಿಗಳನ್ನು ತಿರುಗಿಸಲು ಇರುವ ಬೇರೆಯದೇ ಸಾಧನ ಇದು. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಮೋಟಾರು, ಅದರ ವೇಗ ತಗ್ಗಿಸಿ ಬಲ ಹೆಚ್ಚಿಸುವ ಹಲ್ಲುಚಕ್ರಗಳು, ತನ್ನ ತೋಳು ಈಗ ಎಲ್ಲಿದೆ ಎಂದು ಅಳೆದು ಹೇಳುವ ಒಂದು ಭಾಗ. ರಿಮೋಟಿನ ಆಜ್ಞೆ ಸೆಕೆಂಡಿಗೆ ಸುಮಾರು 50 ಸಲ ಅದಕ್ಕೆ ತಲುಪುತ್ತಿರುತ್ತದೆ. ವಿದ್ಯುತ್ತಿನ ಆ ಮಿಡಿತ ಒಂದೂವರೆ ಮಿಲಿಸೆಕೆಂಡಿನಷ್ಟಿದ್ದರೆ ನೇರವಾಗಿರು ಎಂದರ್ಥ. ಒಂದರ ಕಡೆಗೆ ಇಳಿದರೆ ಒಂದು ಪಕ್ಕ, ಎರಡರ ಕಡೆಗೆ ಏರಿದರೆ ಇನ್ನೊಂದು ಪಕ್ಕ. ಹೇಳಿದ ಜಾಗಕ್ಕೂ ತಾನಿರುವ ಜಾಗಕ್ಕೂ ವ್ಯತ್ಯಾಸ ಇರುವಷ್ಟು ಹೊತ್ತೂ ಸರ್ವೋ ತಳ್ಳುತ್ತಲೇ ಇರುತ್ತದೆ. ಆಗುವುದಿಲ್ಲ ಎನ್ನಲು ಅದಕ್ಕೆ ಬಾಯಿಲ್ಲ.

ಪುರಭವನದ ಹತ್ತಿರ ಇಳಿದು ಎಸ್.ಪಿ. ರಸ್ತೆಗೆ ನಡೆದೆವು. ಎಲೆಕ್ಟ್ರಾನಿಕ್ ಸಾಮಾನುಗಳ ಆ ಸಂತೆಯಲ್ಲಿ ಒಂದು ಗೂಡಿನಂಥ ಅಂಗಡಿ. ಗಲ್ಲಾದಲ್ಲಿ ನನ್ನ ವಯಸ್ಸಿನವರೇ ಒಬ್ಬರು ಕುಳಿತಿದ್ದರು. ಹುಡುಗ ಹೋದವನೇ "ಅಂಕಲ್, 35 ಕೆ.ಜಿ. ಸರ್ವೋ ಕೊಡಿ" ಎಂದ. ನಾನು ಬೆಚ್ಚಿದೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಡಬ್ಬಿ 35 ಕಿಲೋ ಎತ್ತುವುದೆಂದರೆ!

ಅವರು ನಕ್ಕು ನನಗೆ ಬಿಡಿಸಿ ಹೇಳಿದರು. ಈ ಕೆ.ಜಿ. ಎಂಬುದು ಬರಿಯ ತೂಕವಲ್ಲ. ತಿರುಗುವ ಕಡ್ಡಿಯ ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಎಷ್ಟು ಭಾರ ತಡೆದೀತು ಎಂಬ ಲೆಕ್ಕ. ಎರಡು ಸೆಂಟಿಮೀಟರ್ ದೂರಕ್ಕೆ ಹೋದರೆ ಅರ್ಧ. ಬಾಗಿಲನ್ನು ಅಂಚಿನಲ್ಲಿ ಹಿಡಿದು ತಳ್ಳುವುದಕ್ಕೂ ಕೀಲಿನ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತಲ್ಲ, ಹಾಗೆ.

"ಆದ್ರೆ ಮೇಡಂ, ಡಬ್ಬದ ಮೇಲೆ ಬರೆದಿರೋ ನಂಬರು ಯಾವಾಗಿಂದು ಗೊತ್ತಾ? ಇದು ತಿರುಗೋಕಾಗದೆ ನಿಂತೇ ಹೋಗುತ್ತಲ್ಲ, ಆವಾಗಿಂದು" ಎಂದರು ಅವರು.

ಹುಡುಗರು ಹೆಚ್ಚಾಗಿ ಕೊಳ್ಳುವ ಎಂಜಿ996ಆರ್ ಎಂಬ ಅಗ್ಗದ ಸರ್ವೋ ಒಂದನ್ನು ತೆಗೆದು ತೋರಿಸಿದರು. ತೂಕ 55 ಗ್ರಾಂ. ಅದರ ಬಲವೆಂದು ಬರೆದದ್ದು 4.8 ವೋಲ್ಟಿನಲ್ಲಿ 9.4, 6 ವೋಲ್ಟಿನಲ್ಲಿ 11 ಕೆ.ಜಿ. ತಿರುಗುತ್ತಿರುವಾಗ ಅದು ಎಳೆದುಕೊಳ್ಳುವ ಕರೆಂಟು ಒಂದು ಆಂಪಿಯರಿಗಿಂತ ಕಡಿಮೆ. ತಡೆ ಬಂದು ನಿಂತುಹೋದಾಗ ಎರಡೂವರೆ ಆಂಪಿಯರ್. ಕೈಕಾಲು ಆಡದಿದ್ದಾಗಲೇ ಅದು ಅತಿ ಹೆಚ್ಚು ಉಣ್ಣುತ್ತದೆ, ಮತ್ತು ಉಂಡದ್ದೆಲ್ಲ ಶಾಖವಾಗುತ್ತದೆ. ಹಾಗೇ ಬಿಟ್ಟರೆ ಸುಡುತ್ತದೆ. "ನಂಬರು ಎಷ್ಟೇ ಇರಲಿ, ದಿನಾ ಮಾಡೋ ಕೆಲಸ ಅದರಲ್ಲಿ ಕಾಲು ಭಾಗ ಇರ್ಬೇಕು ಮೇಡಂ, ಹೆಚ್ಚಂದ್ರೆ ಮೂರರಲ್ಲಿ ಒಂದು ಭಾಗ. ಆವಾಗ ಬಾಳಿಕೆ ಬರುತ್ತೆ."

ನನಗೆ ಅಲ್ಲಿಯೇ ಏನೋ ಚುಚ್ಚಿದ ಹಾಗಾಯಿತು. ಯಾಕೆಂದು ಕೂಡಲೇ ಹೊಳೆಯಲಿಲ್ಲ.

ಅವರು ಹಳೆಯ ಸರ್ವೋವನ್ನು ಕೇಳಿ ತೆಗೆದುಕೊಂಡು, ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರು. ಪ್ಲಾಸ್ಟಿಕ್ಕಿನದಾದರೂ ಹಲ್ಲುಚಕ್ರದ ಒಂದು ಹಲ್ಲೂ ಮುರಿದಿರಲಿಲ್ಲ. ಸುಟ್ಟದ್ದು ಮೋಟಾರು.

"ಪೂರ್ತಿ ತಿರುಗಿಸಿ ಹಿಡಿದಾಗ ಗುಂಯ್ ಅಂತಿತ್ತಾ?"

"ಹೂಂ ಅಂಕಲ್, ಮೊದಲಿಂದಾನೂ ಇತ್ತು. ಅದರ ಸೌಂಡೇ ಹಾಗೆ ಅಂದ್ಕೊಂಡಿದ್ದೆ."

"ಅಲ್ಲೇ ಇರೋದು ನೋಡು. ಗಾಲಿ ತಿರುಗೋದು ಇಷ್ಟೇ. ನಿನ್ನ ರಿಮೋಟು ಇನ್ನೂ ತಿರುಗು, ಇನ್ನೂ ತಿರುಗು ಅಂತಿದೆ. ಪಾಪ, ಅದೇನು ಮಾಡ್ಬೇಕು?"

ನಾವು 35 ಕೆ.ಜಿ.ಯದನ್ನು ಕೊಳ್ಳಲಿಲ್ಲ. ಅಷ್ಟು ಬಲ ಬರಬೇಕಾದರೆ ಅದಕ್ಕೆ 7 ವೋಲ್ಟಿನ ಮೇಲೆ ಕೊಡಬೇಕು. ಈ ಲಾರಿಯಿಂದ ಸಿಗುವುದು 6 ಮಾತ್ರ. ಹೊಟ್ಟೆಗೆ ಸಾಲದೆ ಅದು ಇದ್ದಬದ್ದ ಕರೆಂಟನ್ನೆಲ್ಲ ಎಳೆದುಕೊಂಡರೆ, ಮನೆಯಲ್ಲಿ ಗ್ರೈಂಡರು ಗೀಸರು ಒಟ್ಟಿಗೆ ಹಾಕಿದಾಗ ದೀಪ ಮಂಕಾಗುವಂತೆ ಇಡೀ ಗಾಡಿಯೇ ಸ್ತಬ್ಧವಾಗಬಹುದು. ಬಲ ತಡೆಯಲಾರದೆ ಗಾಲಿಗೆ ಕಟ್ಟಿದ ಕಡ್ಡಿಯೇ ಬಗ್ಗಲೂಬಹುದು. ಕೊನೆಗೆ ಲೋಹದ ಹಲ್ಲಿನ, 15 ಕೆ.ಜಿ.ಯ ಒಂದನ್ನು ಆರಿಸಿದೆವು. ಹಳೆಯ ತೋಳು ಹೊಸದರ ತಲೆಗೆ ಕೂರಬೇಕಾದರೆ ಎರಡಕ್ಕೂ 25 ಹಲ್ಲೇ ಇರಬೇಕೆಂದು ಎಣಿಸಿ ನೋಡಿದರು. ಎದ್ದು ಬರುವಾಗ ಅವರು ಹುಡುಗನ ರಿಮೋಟಿನ ಮೇಲಿದ್ದ ಒಂದು ಸಣ್ಣ ಗುಂಡಿಯನ್ನು ತೋರಿಸಿ, "ಮನೆಗೆ ಹೋಗಿ ಇದನ್ನ ಸ್ವಲ್ಪ ಸ್ವಲ್ಪವೇ ಇಳಿಸು. ಗುಂಯ್ ಅನ್ನೋದು ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಬಿಡು. ಇದು ಮಾಡಲಿಲ್ಲ ಅಂದ್ರೆ ಎಂಥಾ ಗಟ್ಟಿ ಸರ್ವೋ ಹಾಕಿದ್ರೂ ಸುಡೋದೇ, ನಾಲ್ಕು ದಿನ ತಡವಾಗಿ ಅಷ್ಟೆ" ಎಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಹುಡುಗ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನಾನು ನನ್ನ ಓರಗಿತ್ತಿಯನ್ನು ನೆನೆಯುತ್ತಿದ್ದೆ.

ನಮ್ಮ ಅತ್ತೆಯವರಿಗೆ ಈಗ 84 ವರ್ಷ. ನಾಲ್ಕು ವರ್ಷದ ಹಿಂದೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಹಾಸಿಗೆಯಲ್ಲಿಯೇ ಇದ್ದಾರೆ. ಆಸ್ಪತ್ರೆಯಿಂದ ಕರೆತಂದ ದಿನ ತಿಪಟೂರಿನ ಮನೆಯಲ್ಲಿ ಎಲ್ಲರೂ ಸೇರಿ ಮಾತಾಡಿದೆವು. ನಮ್ಮವರು ಹಿರಿಯ ಮಗ. ನ್ಯಾಯವಾಗಿ ಕೇಳಿದರೆ ಅತ್ತೆಯವರು ನಮ್ಮಲ್ಲಿಗೆ ಬರಬೇಕಿತ್ತು. ನನಗೆ ಶಾಲೆ, ತುಮಕೂರಿನಲ್ಲಿ ನಮ್ಮದು ಚಿಕ್ಕ ಮನೆ. ನಾದಿನಿಯರಿಬ್ಬರಿಗೂ ಅವರವರ ತಾಪತ್ರಯ. ಆಗ "ಇವಳಿದ್ದಾಳಲ್ಲ, ಗಟ್ಟಿಗಿತ್ತಿ. ನಿಭಾಯಿಸ್ತಾಳೆ" ಎಂಬ ಮಾತು ಬಂತು. ಎಲ್ಲರೂ ಹೌದೌದು ಎಂದರು. ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. ಆ ಮಾತನ್ನು ಮೊದಲು ಆಡಿದವಳು ನಾನು.

ನಾನು ಸುಳ್ಳೇನೂ ಹೇಳಿರಲಿಲ್ಲ. ಅವಳು ನಿಜಕ್ಕೂ ಗಟ್ಟಿಗಿತ್ತಿಯೇ. ಒಬ್ಬಳೇ ಅತ್ತೆಯವರನ್ನು ಎತ್ತಿ ಮಗ್ಗುಲು ಬದಲಾಯಿಸುತ್ತಾಳೆ. ಬೆನ್ನಿಗೆ ಒಂದು ಹುಣ್ಣಾಗಲು ಬಿಟ್ಟಿಲ್ಲ. ನಾವು ತಿಂಗಳು ತಿಂಗಳು ಹಣ ಕಳಿಸುತ್ತೇವೆ. ಹಬ್ಬಕ್ಕೆ ಹೋದಾಗ ಸೀರೆ ಕೊಟ್ಟು ನಾಲ್ಕು ಜನರೆದುರು ಹೊಗಳುತ್ತೇವೆ. ಫೋನಿನಲ್ಲಿ ಹೇಗಿದ್ದೀಯ ಎಂದರೆ ಪ್ರತಿ ಸಲವೂ ಒಂದೇ ಉತ್ತರ: "ಸೊಂಟ ಸ್ವಲ್ಪ ಹಿಡ್ಕೊಂಡಿದೆ ಅಕ್ಕ, ಅಷ್ಟೇ." ಪ್ರತಿ ಸಲವೂ ಅದೇ ಆದ್ದರಿಂದ ಅವಳ ಮಾತೇ ಹಾಗೆ ಎಂದುಕೊಂಡಿದ್ದೆ, ಹುಡುಗ ಆ ಗುಂಯ್ ಸದ್ದನ್ನು ಅಂದುಕೊಂಡ ಹಾಗೆ.

ಯಂತ್ರಕ್ಕೂ ಮನುಷ್ಯರಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಅತ್ತೆಯವರು ಕಲ್ಲಿನಡಿ ಸಿಕ್ಕ ಗಾಲಿಯಲ್ಲ, ಅವರು ಯಾರಿಗೂ ಹೊರೆಯೆಂದು ನಾನು ಹೇಳುತ್ತಲೂ ಇಲ್ಲ. ಓರಗಿತ್ತಿಗೆ ಅವರ ಮೇಲೆ ಪ್ರೀತಿಯಿದೆ. ಸರ್ವೋಗೆ ಬಾಯಿಲ್ಲ, ಅವಳಿಗಿದೆ. ಆಗುವುದಿಲ್ಲವೆಂದು ಅವಳು ಹೇಳಬಹುದಿತ್ತಲ್ಲ ಎಂದೂ ಕೇಳಬಹುದು. ನಾನೂ ನಾಲ್ಕು ವರ್ಷ ಇದೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಗಟ್ಟಿಗಿತ್ತಿ ಎಂಬ ಬಿರುದನ್ನು ನಾಲ್ಕು ಜನರೆದುರು ಕೊಟ್ಟ ಮೇಲೆ ಅವಳು ಬಾಯಿ ತೆರೆಯುವುದಾದರೂ ಹೇಗೆ? ಆಗುವುದಿಲ್ಲ ಎಂದ ಕ್ಷಣ ಬಿರುದು ಹೋಗುತ್ತದೆ. ಹೆಣ್ಣುಮಕ್ಕಳಿಗೆ ನಾವು ಕೊಡುವ ಮರ್ಯಾದೆಯೆಲ್ಲ ಆ ಡಬ್ಬದ ಮೇಲಿನ ಅಂಕಿಯ ಹಾಗೆಯೇ ಇದೆ. ಅವಳು ಎಷ್ಟು ಚೆನ್ನಾಗಿ ನಡೆದಳು ಎಂದಲ್ಲ, ಅಲುಗಾಡಲಾಗದ ಸ್ಥಿತಿಯಲ್ಲಿ ಎಷ್ಟು ತಡೆದಳು ಎಂದು ಅಳೆಯುತ್ತೇವೆ. ತಾಳಿದವನು ಬಾಳಿಯಾನು ಎಂದು ನಾನೇ ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಯಾವುದನ್ನು, ಎಷ್ಟು ದಿನ, ಯಾರ ಸಲುವಾಗಿ ತಾಳಬೇಕು ಎಂದು ಯಾವ ಮಗುವೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ತಡೆಯುವ ಶಕ್ತಿ ಒಳ್ಳೆಯ ಗುಣವೇ. ಕಲ್ಲು ಹತ್ತುವ ಗಾಡಿಗೆ ದುರ್ಬಲ ಸರ್ವೋ ಹಾಕಿ ಪ್ರಯೋಜನವಿಲ್ಲ. ಆದರೆ ಒಬ್ಬರ ಶಕ್ತಿ ಇನ್ನೊಬ್ಬರಿಗೆ ಪರವಾನಗಿಯಾಗಬಹುದೇ? ಅವಳು ತಡೆಯಬಲ್ಲಳು ಎಂಬುದು ನಿಜ. ಆದ್ದರಿಂದ ಅವಳೇ ತಡೆಯಲಿ ಎಂಬುದು ಎಲ್ಲಿಯ ನ್ಯಾಯ? ಈ ಎರಡು ಮಾತಿನ ನಡುವೆ ಇರುವ ಕಂದಕವನ್ನು ನಾವು ಹೊಗಳಿಕೆಯಿಂದ ಮುಚ್ಚಿಬಿಡುತ್ತೇವೆ. ಅಂಗಡಿಯವರ ಮಾತಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮಿತಿ ಹಾಕುವ ಗುಂಡಿ ಸರ್ವೋದಲ್ಲಿ ಇರಲಿಲ್ಲ. ಅದು ಆಜ್ಞೆ ಕೊಡುವವರ ಕೈಯಲ್ಲಿತ್ತು. ಅವಳು ಸಾಕು ಎನ್ನಲಿ ಎಂದು ಕಾಯುತ್ತ ಕುಳಿತವರು ನಾವು. ಇಷ್ಟು ಸಾಕು ಎನ್ನಬೇಕಾಗಿದ್ದವರೂ ನಾವೇ.

ಆ ರಾತ್ರಿ ನಮ್ಮವರೊಡನೆ ಮಾತಾಡಿ, ಮಾರನೆಯ ಬೆಳಿಗ್ಗೆ ಓರಗಿತ್ತಿಗೆ ಫೋನು ಮಾಡಿದೆ. ರಜೆ ಮುಗಿಯುವ ತನಕ ಅತ್ತೆಯವರನ್ನು ನಾನು ಕರೆದುಕೊಂಡು ಬರುತ್ತೇನೆ, ಆಮೇಲೆ ಹಗಲಿಗೊಬ್ಬಳು ಸಹಾಯದವಳನ್ನು ಗೊತ್ತುಮಾಡೋಣ, ದಸರೆಗೆ ಮತ್ತೆ ನಮ್ಮಲ್ಲಿ ಎಂದೆ. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳ ದನಿ ಗಟ್ಟಿಯಾಯಿತು.

"ಯಾಕಕ್ಕ, ನಾನು ಸರಿಯಾಗಿ ನೋಡ್ಕೋತಿಲ್ವಾ?"

ನನಗೆ ಮಾತು ಹೊರಡಲಿಲ್ಲ. ನಾವು ಕೊಟ್ಟ ಬಿರುದು ಅವಳೊಳಗೆ ಅಷ್ಟು ಆಳಕ್ಕೆ ಇಳಿದಿತ್ತು. "ಹಾಗಲ್ಲ ಕಣೇ. ನಾನು ನಾಲ್ಕು ವರ್ಷದಿಂದ ನೋಡ್ಕೊಂಡಿಲ್ಲವಲ್ಲ, ಅದಕ್ಕೆ" ಎಂದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಫೋನು ಕಡಿದು ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಮೆಲ್ಲಗೆ ಕೇಳಿದಳು:

"ಎಷ್ಟು ದಿನ ಅಕ್ಕ?"

ಅತ್ತೆಯವರು ನಮ್ಮ ಮನೆಯಲ್ಲಿ ಐದು ವಾರ ಇದ್ದರು. ಮೊದಲ ವಾರದಲ್ಲಿಯೇ ನನ್ನ ಸೊಂಟವೂ ಹಿಡಿದುಕೊಂಡಿತು. ಅವಳ "ಅಷ್ಟೇ" ಎಂಬ ಮಾತಿನ ತೂಕ ಆಗ ತಿಳಿಯಿತು. ಓರಗಿತ್ತಿ ತವರಿಗೆ ಹೋಗಿ ಮೊದಲ ಎರಡು ದಿನ ಬರೀ ನಿದ್ದೆ ಮಾಡಿದಳಂತೆ. ಈಗ ಅವಳ ಮನೆಗೆ ಹಗಲಿಗೊಬ್ಬ ಹೆಂಗಸು ಬರುತ್ತಾಳೆ. ಎಲ್ಲವೂ ಸರಿಹೋಯಿತೆಂದೇನೂ ಅಲ್ಲ. ಇನ್ನೂ ಹೆಚ್ಚಿನ ಪಾಲು ಅವಳದೇ. ಆದರೆ ಗಟ್ಟಿಗಿತ್ತಿ ಎಂಬ ಮಾತನ್ನು ನಾನು ಅವಳಿಗೆ ಹೇಳುವುದನ್ನು ಬಿಟ್ಟಿದ್ದೇನೆ.

ಬೆಂಗಳೂರಿನಿಂದ ಹೊರಡುವ ಮೊದಲು ಹುಡುಗ ಹೊಸ ಸರ್ವೋ ಹಾಕಿದ ಲಾರಿಯನ್ನು ನನಗೆ ತೋರಿಸಿದ್ದ. ಗುಂಡಿಯನ್ನು ಅಷ್ಟಷ್ಟೇ ಇಳಿಸುತ್ತ ಬಂದು, ಗಾಡಿಗೆ ಕಿವಿಕೊಟ್ಟು, ಒಂದು ಕಡೆ ನಿಲ್ಲಿಸಿದ. ಗಾಲಿಗಳು ಮೊದಲಿಗಿಂತ ಕೂದಲೆಳೆಯಷ್ಟು ಕಡಿಮೆ ತಿರುಗುತ್ತಿದ್ದವು.

"ಕಲ್ಲು ಹತ್ತುತ್ತೇನೋ?" ಎಂದು ಕೇಳಿದೆ.

"ಹತ್ತುತ್ತೆ ಅತ್ತೆ. ಸದ್ದು ಮಾತ್ರ ನಿಂತಿದೆ" ಎಂದ.