ಕಾರಣ ಕೇಳುವವರಿಗೆ ಏನು ಹೇಳೋಣ?

ನನ್ನ ಗೆಳೆಯ ತೀರಿಕೊಂಡದ್ದು 2009ರ ಮಳೆಗಾಲದಲ್ಲಿ. ಆಳಂದದ ಒಂದು ಅಡತಿ ಅಂಗಡಿಯಲ್ಲಿ ಅವನು ಮುನೀಮನಾಗಿದ್ದ. ತೊಗರಿ ಬರುವ ತಿಂಗಳುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಲಬುರಗಿ, ಸೊಲ್ಲಾಪುರ, ಲಾತೂರುಗಳ ದರ ಕೇಳುತ್ತ ಫೋನಿನಲ್ಲೇ ಇರುತ್ತಿದ್ದ. ವಯಸ್ಸು ಮೂವತ್ನಾಲ್ಕು. ಮೊದಲು ತಲೆನೋವು ಬಂತು, ಆಮೇಲೆ ಫಿಟ್ಸ್. ಸೊಲ್ಲಾಪುರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಗ್ಲಯೋಮಾ ಎಂಬ ಶಬ್ದವನ್ನು ನಾವು ಕೇಳಿದ್ದು ಅದೇ ಮೊದಲು. ಶಸ್ತ್ರಚಿಕಿತ್ಸೆಯ ನಂತರ ಹನ್ನೊಂದು ತಿಂಗಳು ಇದ್ದ.

ಲಾಡ್ಲೆ ಮಶಾಕರ ದರ್ಗಾಕ್ಕೆ ಹೋಗುವ ಹಾದಿಯಲ್ಲಿ ಅವರ ಮನೆ. ಪುರ್ಸಾ ಹೇಳಲು ಹೋದಾಗ ಅವನ ತಾಯಿ, ನಾನು ಖಾಲಾ ಎಂದು ಕರೆಯುವವರು, ಗೋಡೆಗೊರಗಿ ಕೂತಿದ್ದರು. "ಆ ಫೋನೇ ನನ್ನ ಮಗನನ್ನು ತಿಂದಿತು" ಎಂದರು. ದಖನಿಯಲ್ಲಿ ಹೇಳಿದ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸುತ್ತ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಯಾವಾಗಲೂ ಬಲಗಿವಿಗೇ ಹಚ್ಚಿಕೊಳ್ಳುತ್ತಿದ್ದ ಎಂದು ಯಾರೋ ಅಂದರು. ನಾನೂ ತಲೆಯಾಡಿಸಿದೆ. ದುಃಖದ ಮನೆಯಲ್ಲಿ ವಾದ ಮಾಡುವವನು ಮನುಷ್ಯನೇ ಅಲ್ಲ ಎಂಬುದು ನಮ್ಮ ಕಡೆಯ ರಿವಾಜು. ಆ ತಾಯಿಗೆ ಒಂದಿಷ್ಟು ತಸಲ್ಲಿ ಸಿಕ್ಕರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ.

ಆ ತಲೆಯಾಡಿಸುವಿಕೆ ಸರಿಯೋ ತಪ್ಪೋ ಎಂಬುದೇ ಈ ಲೇಖನದ ವಿಷಯ.

ಅಲ್ಲಿಗೇ ನಿಂತಿದ್ದರೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ನಾನು ಕತೆ ಬರೆಯುವವನು. 2010ರಲ್ಲಿ ಅದನ್ನೇ ಕತೆ ಮಾಡಿದೆ. ಅಡತಿಯ ಮುನೀಮ, ಪರದೇಶದಿಂದ ಬಂದ ಫೋನು, ಬಲಗಿವಿಯ ಹಿಂದೆ ಬೆಳೆಯುವ ಗಡ್ಡೆ. ಕತೆಯಲ್ಲಿ ಒಂದಾದ ಮೇಲೊಂದು ಘಟನೆ ಬಂದರೆ ಸಾಲದು, ಒಂದರಿಂದ ಇನ್ನೊಂದು ಹುಟ್ಟಬೇಕು. ಕಾರಣವಿಲ್ಲದ ಸಾವನ್ನು ಸಂಪಾದಕರೂ ಒಪ್ಪುವುದಿಲ್ಲ, ಓದುಗರೂ ಒಪ್ಪುವುದಿಲ್ಲ. ಕತೆ ಪ್ರಕಟವಾಯಿತು, ಮೆಚ್ಚಿ ಪತ್ರಗಳು ಬಂದವು. ಮರುವರ್ಷ, 2011ರ ಮೇ 31ರಂದು, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೊಬೈಲಿನ ರೇಡಿಯೋ ತರಂಗಗಳನ್ನು '2ಬಿ' ಗುಂಪಿಗೆ, ಅಂದರೆ 'ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಗುಂಪಿಗೆ, ಸೇರಿಸಿತು. ಪತ್ರಿಕೆಯಲ್ಲಿ ಸುದ್ದಿ ಓದಿ ನಾನು ಹಿಗ್ಗಿದೆ. ವಿಜ್ಞಾನಿಗಳಿಗಿಂತ ಒಂದು ವರ್ಷ ಮೊದಲೇ ಹೇಳಿದ್ದೆನಲ್ಲ!

2ಬಿ ಎಂದರೇನೆಂದು ನೋಡುವ ತೊಂದರೆ ಮಾತ್ರ ತೆಗೆದುಕೊಳ್ಳಲಿಲ್ಲ. ಆ ಪಟ್ಟಿ ಅಪಾಯದ ಪ್ರಮಾಣವನ್ನು ಹೇಳುವುದಿಲ್ಲ, ಸಾಕ್ಷಿ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ. ಪೂರ್ವ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿ ಅದೇ 2ಬಿ ಗುಂಪಿನಲ್ಲಿದೆ. ಲೋಳೆಸರದ ಇಡೀ ಎಲೆಯ ಸಾರವೂ ಆಮೇಲೆ ಅಲ್ಲಿಗೇ ಬಂತು. ಕಾಫಿ ಕೂಡ 1991ರಿಂದ ಅಲ್ಲಿತ್ತು, 2016ರಲ್ಲಿ ಹೊರಬಂತು. ತಂಬಾಕು ಮತ್ತು ಅಡಿಕೆ ಇರುವುದು ಮಾತ್ರ ಒಂದನೇ ಗುಂಪಿನಲ್ಲಿ, 'ಖಂಡಿತ' ಎಂಬ ಮೊಹರಿನೊಂದಿಗೆ. ಮೇ 31 ವಿಶ್ವ ತಂಬಾಕುರಹಿತ ದಿನವೂ ಹೌದು. ಆ ದಿನ ಅದನ್ನು ನೆನಪಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ನನ್ನ ಕತೆ ಎಲ್ಲಿಗೆ ಹೋಯಿತೆಂದು ತಿಳಿದದ್ದು 2013ರಲ್ಲಿ. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಗೆ ಮದುವೆಗೆಂದು ಹೋಗಿದ್ದೆ. ಗಂಡ ತೀರಿಹೋದ ಒಬ್ಬ ಹೆಣ್ಣುಮಗಳು ತನ್ನ ಮನೆ ಪಕ್ಕದ ಜಾಗವನ್ನು ಟವರಿಗೆ ಬಾಡಿಗೆ ಕೊಡಲು ಒಪ್ಪಿದ್ದಳು. ತಿಂಗಳ ಆದಾಯ, ಎರಡು ಮಕ್ಕಳ ಓದು. ಊರಿನ ಹುಡುಗರು ಕ್ಯಾನ್ಸರ್ ಬರುತ್ತದೆಂದು ತಕರಾರು ಅರ್ಜಿ ಕೊಟ್ಟಿದ್ದರು. ಅರ್ಜಿಯ ಹಿಂದೆ ನನ್ನ ಕತೆಯ ಜೆರಾಕ್ಸ್ ಪಿನ್ನು ಮಾಡಿತ್ತು. ಆಕೆ ಅದನ್ನು ಮುಂದೆ ಹಿಡಿದು, "ಇದನ್ನ ಬರದವ್ರು ನೀವs ಏನ್ರಿ?" ಎಂದು ಕೇಳಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕತೆ ಅದು, ಅಕ್ಕಾ, ದಾಖಲೆ ಅಲ್ಲ ಎಂದೆ. "ಹಂಗಂದ್ರ ಸುಳ್ಳೇನ್ರಿ?" ಎಂದಳು. ಉತ್ತರ ಹೊಳೆಯಲಿಲ್ಲ. ಟವರು ಕೊನೆಗೆ ಪಕ್ಕದೂರಿಗೆ ಹೋಯಿತು, ಬಾಡಿಗೆಯೂ ಅದರ ಜೊತೆಗೆ.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಸಿಗ್ನಲ್ ಕ್ಷೀಣವಾದಷ್ಟೂ ಕೈಯಲ್ಲಿರುವ ಫೋನು ಹೆಚ್ಚು ಶಕ್ತಿ ಹಾಕಿ ಟವರನ್ನು ಕೂಗುತ್ತದೆ. ಟವರು ಹತ್ತಿರವಿದ್ದರೆ ಮೆಲ್ಲಗೆ ಮಾತಾಡುತ್ತದೆ. ತಲೆಗೆ ಹೆಚ್ಚು ತರಂಗ ತಗಲುವುದು ಕಿವಿಗೆ ಒತ್ತಿದ ಫೋನಿನಿಂದಲೇ ಹೊರತು ದೂರದ ಟವರಿನಿಂದಲ್ಲ. ಟವರು ಓಡಿಸಿದ ಆ ಹುಡುಗರು ಮಾಳಿಗೆ ಹತ್ತಿ ಒಂದು ಕಡ್ಡಿ ಸಿಗ್ನಲ್ಲಿಗಾಗಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದನ್ನು ನಾನೇ ಕಂಡಿದ್ದೇನೆ.

ಹಾಗೆಂದು ಅವರನ್ನು ನಗಲು ನನಗೆ ಮನಸ್ಸಿಲ್ಲ. 'ವಹಮ್‌ಗೆ ಲುಕ್ಮಾನ್ ಹಕೀಮನ ಬಳಿಯೂ ಮದ್ದಿಲ್ಲ' ಎಂದು ನಮ್ಮ ಹಿರಿಯರು ಗಾದೆ ಹೇಳುತ್ತಾರೆ. ಎಷ್ಟೋ ಸಲ ಈ ಗಾದೆಯನ್ನು ಬಡವರ ಬಾಯಿ ಮುಚ್ಚಿಸಲು ಬಳಸಲಾಗಿದೆ. ಕಾಸರಗೋಡಿನ ನಮ್ಮ ಕನ್ನಡದವರನ್ನೇ ನೋಡಿ. ಎಣ್ಮಕಜೆ ಪಂಚಾಯತಿಯ ಪಡ್ರೆ ಮತ್ತು ಸುತ್ತಲಿನ ಊರುಗಳ ಸರ್ಕಾರಿ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಮಕ್ಕಳು, ಕರುಗಳು ಅಂಗವಿಕಲರಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಬರೆದರು, ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳನ್ನು ನೋಡಿ ನೋಡಿ ಅನುಮಾನಪಟ್ಟರು. ಸಂಬಂಧವಿಲ್ಲ ಎಂದು ಹೇಳಿದ ಸಮಿತಿಗಳೂ ಇದ್ದವು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಬಂದು ಪರೀಕ್ಷೆ ಮಾಡಿದಾಗ ಮಕ್ಕಳ ರಕ್ತದಲ್ಲೇ ಆ ವಿಷ ಸಿಕ್ಕಿತು. ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು, ಲಿಯೋನಿನ ಸುದ್ದಿ ಬಂದ ಅದೇ ತಿಂಗಳು. ನಮ್ಮ ತೊಗರಿಯ ಕಾಯಿಕೊರಕ ಹುಳಕ್ಕೂ ಅದೇ ಎಣ್ಣೆ ಹೊಡೆಯುತ್ತಿದ್ದರು. ಅದರ ಬಗ್ಗೆ ನಾನು ಒಂದು ಕತೆಯನ್ನೂ ಬರೆಯಲಿಲ್ಲ.

ತಂಬಾಕಿನದೂ ಹೀಗೆಯೇ. ಕಂಪನಿಗಳು ದಶಕಗಟ್ಟಲೆ 'ಸಾಬೀತಾಗಿಲ್ಲ' ಎಂದೇ ಹೇಳಿದವು. ಹಾಗಾದರೆ ಮೊಬೈಲಿನ ಬಗ್ಗೆ 'ಸಾಬೀತಾಗಿಲ್ಲ' ಎಂದಾಗ ಏಕೆ ನಂಬಬೇಕು? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಗದರಿಕೆ ಉತ್ತರವಲ್ಲ.

1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫೋರ್ಡ್ ಹಿಲ್ ಶ್ವಾಸಕೋಶದ ಕ್ಯಾನ್ಸರಾದ 709 ಜನರನ್ನೂ, ಆ ರೋಗವಿಲ್ಲದ ಅಷ್ಟೇ ಜನರನ್ನೂ ವಿಚಾರಿಸಿದರು. ಡಾಲ್‌ಗೆ ಮೊದಲು ಅನುಮಾನವಿದ್ದದ್ದು ರಸ್ತೆಯ ಡಾಂಬರು, ಮೋಟಾರು ಹೊಗೆಯ ಮೇಲೆ. ಲೆಕ್ಕ ಸಿಗರೇಟಿನತ್ತ ಬೆರಳು ಮಾಡಿದಾಗ ತಮ್ಮ ಅನುಮಾನವನ್ನೂ ಬಿಟ್ಟರು, ಸಿಗರೇಟನ್ನೂ ಬಿಟ್ಟರು. ಆಮೇಲೆ ಅಧ್ಯಯನಗಳು ದೊಡ್ಡದಾದಂತೆ, ನಿಖರವಾದಂತೆ, ತಂಬಾಕಿನ ದೋಷ ಇನ್ನಷ್ಟು ಸ್ಪಷ್ಟವಾಗುತ್ತ ಹೋಯಿತು.

ಮೊಬೈಲಿನ ವಿಷಯದಲ್ಲಿ ನಡೆದದ್ದು ಇದರ ಉಲ್ಟಾ. 13 ದೇಶಗಳ 'ಇಂಟರ್‌ಫೋನ್' ಅಧ್ಯಯನ 2010ರಲ್ಲಿ ಬಂತು. ಒಟ್ಟಾರೆ ಅಪಾಯ ಕಾಣಲಿಲ್ಲ. ಅತಿ ಹೆಚ್ಚು, ಅಂದರೆ ಒಟ್ಟು 1,640 ಗಂಟೆ ಮೀರಿ ಮಾತಾಡಿದ ಗುಂಪಿನಲ್ಲಿ ಮಾತ್ರ ಗ್ಲಯೋಮಾ ಶೇಕಡಾ 40ರಷ್ಟು ಹೆಚ್ಚು ಕಂಡಿತು. ಆದರೆ ಅದು ರೋಗಿಗಳ ನೆನಪಿನ ಮೇಲೆ ನಿಂತ ಲೆಕ್ಕ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಮಾತಾಡುತ್ತಿದ್ದೆ ಎಂದವರೂ ಅದರಲ್ಲಿದ್ದರು. ಗಡ್ಡೆಯಾದವನು ಹಾಸಿಗೆಯಲ್ಲಿ ಮಲಗಿ ಏಕೆ ನನಗೇ ಎಂದು ಹುಡುಕುತ್ತಿರುವಾಗ ನೆನಪು ಆ ಹುಡುಕಾಟದ ಕಡೆಗೇ ವಾಲುತ್ತದೆ. ಸುಳ್ಳು ಹೇಳುವುದಿಲ್ಲ ಅವನು, ಹಾಗೆಯೇ ನೆನಪಾಗುತ್ತದೆ. ನೆನಪನ್ನು ನೆಚ್ಚದೆ ಗ್ರಾಹಕರ ಪಟ್ಟಿ ಹಿಡಿದು ಡೆನ್ಮಾರ್ಕಿನಲ್ಲಿ ಲಕ್ಷಾಂತರ ಜನರನ್ನು ನೋಡಿದಾಗ ಅಪಾಯ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಏಳೂಮುಕ್ಕಾಲು ಲಕ್ಷ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಫಲಿತಾಂಶ 2022ರಲ್ಲಿ ಬಂತು, ಅಲ್ಲೂ ಇಲ್ಲ. 2018ರಲ್ಲಿ ಅಮೆರಿಕದವರು ಇಲಿಗಳ ಇಡೀ ಮೈಗೆ ತರಂಗ ಹಾಯಿಸಿದಾಗ ಗಂಡಿಲಿಗಳ ಹೃದಯದಲ್ಲಿ ಗಡ್ಡೆ ಕಂಡವು. ವಿಚಿತ್ರವೆಂದರೆ ಆ ಗಂಡಿಲಿಗಳು ತರಂಗ ತಗಲದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಆಸ್ಟ್ರೇಲಿಯಾದ ಕೆನ್ ಕರಿಪಿಡಿಸ್ ನೇತೃತ್ವದ ತಂಡ ಮನುಷ್ಯರ ಮೇಲಿನ 63 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣುವುದಿಲ್ಲ ಎಂದಿತು, ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲಿಯೂ. ತಂಬಾಕಿನ ನೆರಳು ಬೆಳಕು ಹೆಚ್ಚಾದಂತೆ ಗಾಢವಾಯಿತು, ಮೊಬೈಲಿನದು ತೆಳುವಾಗುತ್ತ ಬಂತು.

ಆದರೂ ಎಚ್ಚರಿಕೆ ಬೇಡವೇ? ಬೇಕು. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ಟವರುಗಳ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು. ಅದರಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ. ಇಯರ್‌ಫೋನ್ ಹಾಕಿಕೊಳ್ಳುತ್ತೇನೆ ಎನ್ನುವವರನ್ನು ನಾನೇಕೆ ತಡೆಯಲಿ? ಕಾಸರಗೋಡಿನಲ್ಲಿ ಹೆಲಿಕಾಪ್ಟರ್ ನಿಲ್ಲಿಸಲು ಕೂಡ ಗಟ್ಟಿ ಅನುಮಾನ ಸಾಕಿತ್ತು, ಪೂರ್ತಿ ಪುರಾವೆಗೆ ಕಾಯಬೇಕಿರಲಿಲ್ಲ. ಆದರೆ ಎಚ್ಚರ ಬೇರೆ, ಇಲ್ಜಾಮ್ ಬೇರೆ. 2017ರಲ್ಲಿ ಗ್ವಾಲಿಯರಿನ ಒಬ್ಬ ಮನೆಗೆಲಸದ ವ್ಯಕ್ತಿ ಪಕ್ಕದ ಮನೆಯ ಟವರಿನಿಂದಲೇ ತನಗೆ ಕ್ಯಾನ್ಸರಾಯಿತೆಂದು ಸುಪ್ರೀಂ ಕೋರ್ಟಿಗೆ ಹೋದಾಗ ಕೋರ್ಟು ಆ ಟವರನ್ನು ನಿಲ್ಲಿಸಲು ಹೇಳಿತು. ರೋಗಿಯ ಮೇಲಿನ ಕರುಣೆಯಿಂದ ಆದ ಎಚ್ಚರ ಎಂದು ಅದನ್ನು ತಿಳಿಯಬಹುದು. ಮರುದಿನದಿಂದ ಜನ ಅದನ್ನು ಉದಾಹರಿಸಿದ್ದು ಮಾತ್ರ ಟವರಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ತೀರ್ಪೆಂದು.

ಈ ಭೇದ ನನಗೆ ಪುಸ್ತಕದಿಂದ ತಿಳಿಯಲಿಲ್ಲ. 2019ರಲ್ಲಿ ಗೆಳೆಯನ ಅಣ್ಣ ಜೆದ್ದಾದ ಕೆಲಸ ಬಿಟ್ಟು ಊರಿಗೆ ಬಂದರು. 2003ರಲ್ಲಿ ತಮ್ಮನಿಗೆ ಆ ಫೋನು ತಂದುಕೊಟ್ಟವರು ಅವರೇ. ನಾನು ಕತೆಯಲ್ಲಿ 'ಪರದೇಶದಿಂದ ಬಂದ ಫೋನು' ಎಂದು ಬರೆದಾಗ ಆ ಪರದೇಶದಲ್ಲಿ ಒಬ್ಬ ಮನುಷ್ಯನಿದ್ದಾನೆ ಎಂದು ಯೋಚಿಸಿರಲಿಲ್ಲ. ಹತ್ತು ವರ್ಷ ಅವರ ತಾಯಿ ಅವರೊಡನೆ ಫೋನಿನಲ್ಲಿ ಮಾತಾಡಲಿಲ್ಲ. ಫೋನಿನ ಭಯ ಎಂದು ಮನೆಯವರು ಹೇಳುತ್ತಿದ್ದರಂತೆ. "ಭಯ ಅಲ್ಲ ಅದು, ನನಗೆ ಗೊತ್ತು" ಎಂದರು ಬಡೇಭಾಯಿ. "ಅಮ್ಮಿ ಬಾಯಿಬಿಟ್ಟು ಏನೂ ಅಂದಿಲ್ಲ. ನೀನು ಬರೆದುಬಿಟ್ಟೆ."

ನನಗೆ ತಸಲ್ಲಿಯಾಗಿ ಕಂಡದ್ದು ಅವರಿಗೆ ಫೈಸಲಾ ಆಗಿತ್ತು. 'ಇದರಿಂದ ಸತ್ತ' ಎಂದು ಹೇಳಿದ ಕೂಡಲೇ 'ಇದನ್ನು ಕೊಟ್ಟವರು ಯಾರು' ಎಂಬ ಮುಂದಿನ ಪ್ರಶ್ನೆ ತಾನೇ ಹುಟ್ಟುತ್ತದೆ, ಯಾರೂ ಕೇಳಬೇಕಾಗಿಲ್ಲ.

ಅವರು ಒಂದು ಫೋಟೋ ತೋರಿಸಿದರು. ಅಡತಿ ಅಂಗಡಿಯ ಗಾದಿಯ ಮೇಲೆ ತಮ್ಮ ಕೂತಿದ್ದಾನೆ, ಮುಂದೆ ವಹಿ, ಬಲಗೈಯಲ್ಲಿ ಪೆನ್ನು. ಬರೆಯುವವನು ಫೋನು ಹಿಡಿಯುವುದು ಹೇಗೆ? ಎಡ ಹೆಗಲಿಗೂ ಎಡಗಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಾನೆ. ನೋಡುತ್ತಲೇ ನನಗೆ ನೆನಪಾಯಿತು. ಅವನು ಯಾವಾಗಲೂ ಹಾಗೆಯೇ ಕತ್ತು ವಾಲಿಸಿ ಕೂರುತ್ತಿದ್ದ, ನಾವು ತಮಾಷೆ ಮಾಡುತ್ತಿದ್ದೆವು. ಗಡ್ಡೆ ಇದ್ದದ್ದು ಬಲಕ್ಕೆ. ಪುರ್ಸಾದ ದಿನ ಯಾರೋ ಬಲಗಿವಿ ಎಂದರು, ಎಲ್ಲರಿಗೂ ಬಲಗಿವಿಯೇ ನೆನಪಾಯಿತು, ನಾನು ಅದಕ್ಕೆ ಅಚ್ಚು ಹಾಕಿಸಿದೆ.

ಕಾರಣವನ್ನು ತಪ್ಪು ಜಾಗದಲ್ಲಿ ಇಟ್ಟರೆ ಸರಿಯಾದ ಜಾಗ ಖಾಲಿ ಉಳಿಯುತ್ತದೆ. ಜೇವರ್ಗಿಯಲ್ಲಿ ನನ್ನ ಅತ್ತೆಯ ಮನೆ. ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಪಾನ್‌ಡಬ್ಬಿಯ ಹುಡುಗ, "ಸಾಹೇಬ್ರ, ಫೋನ್ ಕಮ್ಮಿ ಮಾಡ್ರಿ, ತಲಿಗಿ ಕ್ಯಾನ್ಸರ್ ಬರ್ತದಂತ" ಎನ್ನುತ್ತಾನೆ. ಹಾಗೆನ್ನುತ್ತ ಹಲ್ಲಿನಿಂದ ಎರಡು ಚೀಟು ಹರಿದು ಒಂದರೊಳಗೊಂದು ಸುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. 2013ರ ಮೇ ಕೊನೆಗೆ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲೆ ಬೇರೆ, ತಂಬಾಕು ಬೇರೆ ಚೀಟಿಯಾಗಿ ಬಂದವು, ಅಷ್ಟೇ. ಅವನ ಬಾಯಿ ಈಗ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ.

ಕಳೆದ ಚಳಿಗಾಲದಲ್ಲಿ ಖಾಲಾ ಅವರನ್ನು ನೋಡಲು ಹೋದೆ. ಬಡೇಭಾಯಿ ಹೊರಗೆ ಹೋಗಿದ್ದರು. ಹದಿನೈದು ವರ್ಷ ತಡವಾಗಿ ಹೇಳಿದೆ, ಫೋನಿನಿಂದ ಹಾಗಾಗಿರಲಿಕ್ಕಿಲ್ಲ ಖಾಲಾ, ಅವತ್ತು ನಾನು ಸುಮ್ಮನೆ ತಲೆಯಾಡಿಸಿದೆ, ಬರೆದದ್ದೂ ತಪ್ಪು. ಬಹಳ ಹೊತ್ತು ಏನೂ ಅನ್ನಲಿಲ್ಲ.

"ಹಾಗಾದರೆ ಯಾತರಿಂದ ಹೋದ ಅವನು?"

"ಗೊತ್ತಿಲ್ಲ ಖಾಲಾ."

"ಡಾಕ್ಟರರಿಗೆ?"

"ಅವರಿಗೂ ಗೊತ್ತಿಲ್ಲ."

"ಯಾರೂ ಏನೂ ಮಾಡಲಿಲ್ಲ ಅನ್ನು ಮತ್ತೆ" ಎಂದರು. ಅದು ಪ್ರಶ್ನೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಹೌದು ಎಂದೆ. ಒಳಗಿದ್ದ ಸೊಸೆಯನ್ನು ಕೂಗಿ, ಚಹಾ ಇಡು, ದೊಡ್ಡವನೂ ಈಗ ಬರುತ್ತಾನೆ, ಅವನಿಗೂ ಸೇರಿಸಿ ಇಡು ಎಂದರು.