ಸರಿದು ಕೂತರೆ ಆಗುವ ಜಾಗ

ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದಲ್ಲಿ, ರಾಜಧಾನಿ ಡಾಕಾರ್‌ನಿಂದ ಸುಮಾರು 70 ಕಿ.ಮೀ. ದೂರಕ್ಕೆ ಥಿಯೆಸ್ ಎಂಬ ಊರಿದೆ. ಅಲ್ಲಿ ಅಮೆರಿಕದ ಪೀಸ್ ಕೋರ್ ಸಂಸ್ಥೆಯ ತರಬೇತಿ ಕೇಂದ್ರದ ಬಾಸ್ಕೆಟ್‌ಬಾಲ್ ಅಂಗಳದ ತುಂಬ ಸೆನೆಗಲ್‌ನ ನಕ್ಷೆ ಬರೆದಿದ್ದಾರೆ. ಎರಡು ವರ್ಷ ಹಳ್ಳಿಯಲ್ಲಿದ್ದು ಕೆಲಸ ಮಾಡಲೆಂದು ಬಂದ ಸ್ವಯಂಸೇವಕರಿಗೆ ವಿಮಾನ ಇಳಿಯುವಾಗ ತಾವು ಯಾವ ಊರಿನಲ್ಲಿರಬೇಕು ಎಂಬುದೇ ಗೊತ್ತಿರುವುದಿಲ್ಲ. ಕೆಲವು ವಾರ ಭಾಷೆ, ರೀತಿನೀತಿ ಕಲಿತ ಮೇಲೆ ಒಂದು ದಿನ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಕೈಹಿಡಿದು ಕರೆದೊಯ್ದು, ಆ ನಕ್ಷೆಯ ಮೇಲೆ ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸುವುದು ಅಲ್ಲಿ ನಡೆದುಬಂದ ಕ್ರಮ. ಬಟ್ಟೆ ಬಿಚ್ಚಿದಾಗ ಕಾಲಡಿಯಲ್ಲಿ ಇರುವುದೇ ಅವರ ಊರು. ಮೊದಲು ಎಲ್ಲರೂ ನೆಲ ನೋಡುತ್ತಾರೆ. ಮರುಗಳಿಗೆಗೆ ತಲೆಯೆತ್ತಿ, ಹತ್ತಿರದಲ್ಲಿ ಯಾರು ನಿಂತಿದ್ದಾರೆ ಎಂದು ಹುಡುಕುತ್ತಾರೆ. ಈ ಎರಡನೆಯ ನೋಟವೇ ನನ್ನ ಮನಸ್ಸಿನಲ್ಲಿ ಉಳಿದದ್ದು. ಬಾಡಿಗೆ ಮನೆ ನೋಡಲು ಹೋದಾಗ ನಾವೂ ಅಷ್ಟೇ. ನಲ್ಲಿ ತಿರುಗಿಸಿ, ಕಿಟಕಿ ತೆಗೆದು ನೋಡಿ, ಇನ್ನೇನು ಹೊರಡಬೇಕು ಎನ್ನುವಾಗ ಕೇಳುತ್ತೇವೆ, ಪಕ್ಕದಲ್ಲಿ ಯಾರಿದ್ದಾರೆ?

ಸುಳಿವೇ ಇರುವುದಿಲ್ಲ ಎಂದಲ್ಲ. ಯಾವ ಭಾಷೆಯ ಪಾಠಕ್ಕೆ ಕೂರಿಸಿದರು ಎಂಬುದರಿಂದಲೇ ಅರ್ಧ ಗೊತ್ತಾಗುತ್ತದೆ. ಸೆರೆರ್ ಕಲಿಯುವವರು ಫಾತಿಕ್ ಕಡೆಗೆ ಎಂದು ಊಹಿಸಬಹುದು, ವೊಲೊಫ್ ಕಲಿಯುವವರಿಗೆ ಕಡಲೆಕಾಯಿ ಬೆಳೆಯುವ ಕಾವೊಲಾಕ್ ಬಯಲು ಕಣ್ಣಮುಂದೆ ಬರುತ್ತದೆ. ಪುಲಾರ್ ಪಾಲಿಗೆ ಬಂದವರದೇ ಕಷ್ಟ, ಅದು ಉತ್ತರದ ಸೆನೆಗಲ್ ನದಿಯ ದಂಡೆಯಲ್ಲೂ ಇದೆ, ದಕ್ಷಿಣದ ಕೋಲ್ಡಾದಲ್ಲೂ ಇದೆ. ಇನ್ನು ಆಗ್ನೇಯ ಮೂಲೆಯ ಕೇದುಗು, ಡಾಕಾರ್‌ನಿಂದ ಸುಮಾರು 700 ಕಿ.ಮೀ. ಆ ಮೂಲೆಯಲ್ಲಿ ಕಣ್ಣು ಬಿಟ್ಟವರ ಎದೆ ಒಮ್ಮೆ ಧಸಕ್ಕೆನ್ನದೆ ಇದ್ದೀತೇ? ಹಾಗೆಂದು ಅದು ಬರಡು ನಾಡಲ್ಲ; ಡಿಂಡೆಫೆಲೊ ಜಲಪಾತ ಇರುವುದು ಅಲ್ಲಿನ ಗುಡ್ಡಗಳಲ್ಲೇ. ದೂರ ಎಂಬ ಮಾತೂ ಡಾಕಾರ್‌ನಲ್ಲಿ ನಿಂತು ಅಳೆದವರ ಮಾತು. ಕೇದುಗುವಿನಲ್ಲಿ ಹುಟ್ಟಿ ಬೆಳೆದವರಿಗೆ ದೂರ ಇರುವುದು ಡಾಕಾರ್.

ಆ ಅಂಗಳದಲ್ಲಿ ಕಾಣದ ಒಂದು ಸಂಗತಿ ಇದೆ. ಇವರು ಕಣ್ಣುಕಟ್ಟಿಸಿಕೊಂಡು ನಿಲ್ಲುವುದಕ್ಕೆ ಎಷ್ಟೋ ಮೊದಲೇ ಆ ಹಳ್ಳಿಯಲ್ಲಿ ಮಾತುಕತೆ ಆಗಿರುತ್ತದೆ. ಸಂಸ್ಥೆಯವರು ಹೋಗಿ ಊರಿನ ಹಿರಿಯರನ್ನು ಕಂಡಿರುತ್ತಾರೆ. ಯಾವುದೋ ಒಂದು ಮನೆಯವರು, ಆಗಲಿ, ನಮ್ಮಲ್ಲೇ ಇರಲಿ ಎಂದಿರುತ್ತಾರೆ. ಎರಡು ದಿನದ ನೆಂಟರಲ್ಲ, ಎರಡು ವರ್ಷ. ಆ ಮನೆಯಲ್ಲಿ ಬೀಗ ಹಾಕಬಹುದಾದ ಬಾಗಿಲಿರುವ ಒಂದು ಕೋಣೆ ತೆರವಾಗಬೇಕು. ಕೋಣೆ ತಾನಾಗಿ ತೆರವಾಗುವುದಿಲ್ಲ ಎಂಬುದು ಸಂಸಾರ ಮಾಡಿದ ನಮಗೆಲ್ಲ ಗೊತ್ತು. ಅಲ್ಲಿದ್ದ ಧಾನ್ಯದ ಮೂಟೆ ಎಲ್ಲಿಗೋ ಹೋಗಬೇಕು, ಅಲ್ಲಿ ಮಲಗುತ್ತಿದ್ದವರು ಇನ್ನೊಬ್ಬರ ಚಾಪೆಯ ಪಕ್ಕಕ್ಕೆ ಸರಿಯಬೇಕು. ಆತಿಥ್ಯಕ್ಕೆ ವೊಲೊಫ್ ಭಾಷೆಯಲ್ಲಿ ತೆರಾಂಗ ಎನ್ನುತ್ತಾರೆ, ದೇಶವೇ ಹೆಮ್ಮೆಪಡುವ ಶಬ್ದ. ಕೋಣೆಯ ಜೊತೆಗೆ ಹೆಸರನ್ನೂ ಕೊಡುತ್ತಾರೆ, ಹಲವು ವೇಳೆ ಮನೆಯವರಲ್ಲೇ ಒಬ್ಬರ ಹೆಸರನ್ನು. ಮನೆತನದ ಹೆಸರು ಡಿಯೋಪ್ ಎಂದಾದರೆ ಸಂತೆಯಲ್ಲಿ ನ್ಡಿಯಾಯ್ ಮನೆತನದ ಅಂಗಡಿಯಾಕೆ ಬಿಡುವುದಿಲ್ಲ, ಓ ಡಿಯೋಪ್, ನೀವೆಲ್ಲ ಬರೀ ಉಣ್ಣುವವರು ಎಂದು ಕಾಲೆಳೆಯುತ್ತಾಳೆ. ಈ ಎರಡು ಮನೆತನಗಳ ನಡುವೆ ಹಿಂದಿನಿಂದ ಬಂದ ಸಲಿಗೆ ಅದು, ನಮ್ಮ ಭಾವ-ಮೈದುನರ ಕೀಟಲೆಯಂಥದ್ದು. ನಿನ್ನೆ ಬಂದಿಳಿದವರಿಗೆ ಇಂದು ಬೈಸಿಕೊಳ್ಳುವ ಹಕ್ಕೂ ಬಂದುಬಿಟ್ಟಿತು! 1961ರಿಂದ 1976ರವರೆಗೆ ಇದೇ ಸಂಸ್ಥೆಯ ತರುಣರು ಭಾರತಕ್ಕೂ ಬರುತ್ತಿದ್ದರು, ಆಗಿನ ಮೈಸೂರು ರಾಜ್ಯದಲ್ಲಿ ಕೋಳಿ ಸಾಕಣೆಯಂಥ ಕೆಲಸಕ್ಕೆ ನಿಂತಿದ್ದರು. ಕೋಳಿಗಳ ಲೆಕ್ಕ ಯಾವುದೋ ಕಡತದಲ್ಲಿ ಇದ್ದೀತು. ಅವರಿಗೆ ಅಂಗಡಿ ಬೀದಿ ತೋರಿಸಿದವರು, ತಪ್ಪು ಕನ್ನಡವನ್ನು ನಗದೆ ತಿದ್ದಿದವರು ಯಾರೋ ನಮ್ಮವರೇ ಇದ್ದಿರಬೇಕು. ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಸೆನೆಗಲ್‌ನ ಮನೆಗಳಲ್ಲಿ ಊಟ ಒಂದೇ ದೊಡ್ಡ ಬೋಗುಣಿಯಲ್ಲಿ. ಅನ್ನ ಹರಡಿ, ಮೀನು ತರಕಾರಿಗಳನ್ನು ನಡುವೆ ಇಡುತ್ತಾರೆ; ಚೆಬು ಜೆನ್ ಎಂಬ ಆ ಅಡುಗೆ 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಎಲ್ಲರೂ ಸುತ್ತ ಕೂತು ತಂತಮ್ಮ ಮುಂದಿನ ಭಾಗವನ್ನಷ್ಟೇ ಉಣ್ಣಬೇಕು, ಎದುರಿನವರ ಕಡೆಗೆ ಕೈ ಚಾಚಬಾರದು. ನಡುವಿನ ಮೀನನ್ನು ಮನೆಯೊಡತಿ ಮುರಿದು, ಮುಳ್ಳು ತೆಗೆದು, ಒಬ್ಬೊಬ್ಬರ ಮುಂದಕ್ಕೆ ದೂಡುತ್ತಾಳೆ. ಹೊಸಬರ ಮುಂದೆ ಒಂದು ತುಂಡು ಹೆಚ್ಚೇ ಬೀಳುತ್ತದೆ. ಅಷ್ಟರಲ್ಲಿ ಬಾಗಿಲ ಮುಂದೆ ಯಾರೋ ಹಾದುಹೋದರೆ ಕೂತಲ್ಲಿಂದಲೇ ಕರೆ, ಕಾಯ್ ಲೆಕ್, ಅಂದರೆ ಬಾ, ಉಣ್ಣು. ಬೋಗುಣಿ ದೊಡ್ಡದಾಗುವುದಿಲ್ಲ. ಎಲ್ಲರೂ ಒಂದು ಭುಜವನ್ನು ಹಿಂದಕ್ಕೆ ತೆಗೆದುಕೊಂಡು ಓರೆಯಾಗಿ ಕೂರುತ್ತಾರೆ. ಆ ಮನೆಗೆ ಬಂದು ತಿಂಗಳಾಗಿರುವ ಸ್ವಯಂಸೇವಕಿಯೂ, ಯಾರೂ ಹೇಳದೆಯೇ, ತನ್ನ ಮಣೆಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ.