ಬೆಂಕಿಯ ಮರೆಹೊಕ್ಕವನು

ಕಾದ ಮರಳಿನ ತಾಪವನ್ನು ತಾಳಲಾರದೆ ಬೆಂಕಿಯ ಮರೆಹೊಕ್ಕವನಂತೆ ಎಂಬರ್ಥದ ಗಾದೆಯೊಂದು ಅರಬ್ಬರಲ್ಲಿ ಬಹು ಪ್ರಾಚೀನಕಾಲದಿಂದ ಬಳಕೆಯಲ್ಲಿದೆ. 2025ರ ಜೂನ್ ತಿಂಗಳಿನಲ್ಲಿ ಇಸ್ರೇಲಿನ ವಿಮಾನಗಳು ಇರಾನಿನ ಮೇಲೆ ಬಾಂಬುಗಳನ್ನು ಸುರಿಸುತ್ತಿದ್ದಾಗ, ಆ ನಾಡಿನ ಆಳರಸರಿಂದ ನೊಂದು ಹೊರದೇಶಗಳಲ್ಲಿ ನೆಲಸಿರುವವರಲ್ಲಿ ಕೆಲವರು ಇದೇ ಸರ್ಕಾರವನ್ನುರುಳಿಸಲು ಒದಗಿದ ಸುಸಂಧಿಯೆಂದು ಸಾರಿದುದನ್ನು ಓದಿದ ದಿನದಿಂದ ಈ ಗಾದೆ ನನ್ನ ಮನಸ್ಸನ್ನು ಬಿಟ್ಟು ಕದಲಿಲ್ಲ. ಕೇಡಿಗನಾದ ದೊರೆಯನ್ನು ಕೆಳಗಿಳಿಸಲು ಪರರಾಜ್ಯದ ಸೈನ್ಯವನ್ನು ಕರೆಯಬಹುದೇ ಎಂಬ ಪ್ರಶ್ನೆಯನ್ನು ಮುಸ್ಲಿಂ ಪಂಡಿತರು ಶತಮಾನಗಳಿಂದ ಬೇರೆ ಬೇರೆ ರೂಪಗಳಲ್ಲಿ ಚರ್ಚಿಸಿದ್ದಾರೆ. ಆ ಚರ್ಚೆಯ ತಿರುಳೆಲ್ಲ ಈ ಗಾದೆಯ ಒಂದು ಶಬ್ದದಲ್ಲಿ ಅಡಗಿದೆಯೆಂದು ನನ್ನ ನಂಬಿಕೆ.

ಗಾದೆಯ ಹಿಂದಿರುವುದು ಇಸ್ಲಾಮಿಗೆ ಮುಂಚಿನ ಬಸೂಸ್ ಯುದ್ಧದ ಕಥೆ. ತಘ್ಲಿಬ್ ಕುಲದ ಒಡೆಯನಾದ ಕುಲೈಬನನ್ನು ಅವನ ಭಾವಮೈದುನ ಜಸ್ಸಾಸನು ಈಟಿಯಿಂದ ತಿವಿದು ಕೆಡಹಿದನಂತೆ. ಸಾಯುತ್ತಿದ್ದ ಕುಲೈಬನು ಒಂದು ಗುಟುಕು ನೀರನ್ನು ಬೇಡಿದಾಗ ಜಸ್ಸಾಸನು ಕೊಡಲೊಲ್ಲದೆ ತಿರುಗಿ ಹೋದನು. ಬಳಿಕ ಬಂದ ಅಮ್ರನೆಂಬವನನ್ನು ಕಂಡು ಇವನಾದರೂ ಕರುಣಿಸಿಯಾನೆಂದು ಕೈಚಾಚಲು, ಅವನು ಕುದುರೆಯಿಂದಿಳಿದು ಬಂದು ಉಳಿದಿದ್ದ ಉಸಿರನ್ನೂ ತೆಗೆದನು.

ನಮ್ಮಲ್ಲಿಯೂ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬ ಮಾತುಂಟು. ಎರಡೂ ಒಂದೇ ಎನ್ನುವವರು ಕ್ರಿಯಾಪದವನ್ನು ಗಮನಿಸಿಲ್ಲ. ನಮ್ಮ ಗಾದೆಯವನು ಬೀಳುತ್ತಾನೆ. ಅದು ವಿಧಿಯ ಆಟ, ಅವನ ತಪ್ಪೇನೂ ಇಲ್ಲ. ಅರಬ್ಬರ ಗಾದೆಯವನು ಬೀಳುವುದಿಲ್ಲ, ಮರೆಹೊಗುತ್ತಾನೆ. ಮರೆಹೊಗುವುದೆಂದರೆ ತನ್ನ ರಕ್ಷಣೆಯ ಹೊಣೆಯನ್ನೂ ಅದರೊಡನೆ ತನ್ನ ನಿರ್ಧಾರದ ಅಧಿಕಾರವನ್ನೂ ಇನ್ನೊಬ್ಬನ ಕೈಗೊಪ್ಪಿಸುವುದು. ಮರಳು ಕಾದಿರುವುದನ್ನು ಗಾದೆ ಅಲ್ಲಗಳೆಯುವುದಿಲ್ಲ. ಓಡಿದವನನ್ನು ಹಳಿಯುವುದೂ ಇಲ್ಲ. ಯಾರ ಬಳಿಗೆ, ಏನನ್ನು ಒಪ್ಪಿಸಲು ಓಡಿದೆ ಎಂದಷ್ಟೆ ಕೇಳುತ್ತದೆ.

ಇದನ್ನೊಪ್ಪದ ಎರಡು ಪಕ್ಷಗಳುಂಟು. ಅನ್ಯಧರ್ಮೀಯನ ನೆರವೆಂಬುದೇ ನಿಷಿದ್ಧವೆಂದು ಮೊದಲನೆಯ ಪಕ್ಷ. ಬದ್ರ್ ಯುದ್ಧಕ್ಕೆ ಹೊರಟಾಗ ಜೊತೆಗೂಡಬಂದ ಬಹುದೇವತಾರಾಧಕನೊಬ್ಬನನ್ನು ಪ್ರವಾದಿಯವರು ಹಿಂದಕ್ಕೆ ಕಳುಹಿಸಿದ ಹದೀಸು ಇವರ ಆಧಾರ. ಆದರೆ ಹಿಜ್ರತ್ತಿನ ರಾತ್ರಿಗಳಲ್ಲಿ ಮದೀನೆಯ ದಾರಿ ತೋರಿದ ಅಬ್ದುಲ್ಲಾ ಇಬ್ನ್ ಉರೈಕಿತನು ಇನ್ನೂ ಮುಸ್ಲಿಮನಾಗಿರಲಿಲ್ಲ. ಹುನೈನ್ ಯುದ್ಧಕ್ಕೆ ಕವಚಗಳನ್ನು ಕೊಟ್ಟ ಸಫ್ವಾನನೂ ಆಗ ಮುಸ್ಲಿಮನಲ್ಲ. ಆ ಕವಚಗಳನ್ನು ಎರವಲೆಂದು, ಹಿಂದಿರುಗಿಸುವ ಮಾತು ಕೊಟ್ಟು ಪಡೆದರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಅವಶ್ಯಕತೆಯಿದ್ದಾಗ ನಿಷಿದ್ಧವೂ ಸಮ್ಮತವೆಂಬ ಶಾಸ್ತ್ರನಿಯಮವನ್ನು ಎತ್ತಿ ಹಿಡಿಯುವುದು ಎರಡನೆಯ ಪಕ್ಷ. ಅವಶ್ಯಕತೆಯನ್ನು ಅದರ ಅಳತೆಗೆ ಮೀರಿ ಹಿಗ್ಗಿಸಲಾಗದೆಂಬ ನಿಯಮವೂ ಅದರ ಬೆನ್ನಿಗೇ ಇರುವುದನ್ನು ಇವರು ಮರೆಯುತ್ತಾರೆ. ಮೇಲಾಗಿ, ನೀರಡಿಸಿದವನು ಊರೊಳಗಿನ ಪ್ರಜೆ, ನೀರು ಬೇಡುವವನು ಪರದೇಶದಲ್ಲಿ ಕುಳಿತ ನಾಯಕ ಎಂದಾಗ ಆ ಅವಶ್ಯಕತೆಯನ್ನು ಅಳೆಯುವವರಾರು?

ನನಗೆ ಎಲ್ಲಕ್ಕಿಂತ ಹೆಚ್ಚು ಬೆಳಕನ್ನೀಯುವುದು ಅಬಿಸೀನಿಯದ ಪ್ರಸಂಗ. ಸುಮಾರು 615ರಲ್ಲಿ, ಮಕ್ಕೆಯ ಕುರೈಷರ ಹಿಂಸೆಯನ್ನು ಸಹಿಸಲಾರದ ಮೊದಲ ಮುಸ್ಲಿಮರು ಕಡಲು ದಾಟಿ ಕ್ರೈಸ್ತದೊರೆಯಾದ ನಜಾಶಿಯ ಮರೆಹೊಕ್ಕರು. ಪ್ರವಾದಿಯವರೂ ತಾಯಿಫಿನಿಂದ ನೊಂದು ಹಿಂದಿರುಗಿದಾಗ ಮಕ್ಕೆಯನ್ನು ಹೊಕ್ಕದ್ದು ಬಹುದೇವತಾರಾಧಕನಾದ ಮುತ್ಇಮನ ಅಭಯದಲ್ಲಿಯೇ. ಪ್ರಾಣವನ್ನುಳಿಸಿಕೊಳ್ಳಲು ಅನ್ಯನ ಅಭಯವನ್ನು ಪಡೆಯುವುದು ದೋಷವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಆದರೆ ಅದೇ ಅಬಿಸೀನಿಯಕ್ಕೆ ಸೇರಿದ ಯೆಮೆನಿನ ಅಧಿಪತಿ ಅಬ್ರಹನು ಆನೆಯ ದಂಡಿನೊಡನೆ ಮಕ್ಕೆಯ ಮೇಲೆ ಏರಿಬಂದಿದ್ದ ನೆನಪು ಆಗಿನ್ನೂ ಹಸಿಯಾಗಿತ್ತು; ಆ ಸೇನೆಯ ನಾಶವನ್ನು ಹೇಳುವ ಅಧ್ಯಾಯವೇ ಕುರ್‌ಆನಿನಲ್ಲಿದೆ. ಅಬಿಸೀನಿಯದ ಆಸ್ಥಾನದಲ್ಲಿ ನಿಂತ ಆ ನಿರಾಶ್ರಿತರು ನ್ಯಾಯವನ್ನು ಕೇಳಿದರು, ನೆಲೆಯನ್ನು ಕೇಳಿದರು. ಮಕ್ಕೆಗೆ ಇನ್ನೊಮ್ಮೆ ಆನೆಗಳನ್ನು ಕಳುಹೆಂದು ಕೇಳಲಿಲ್ಲ. ನೆರಳನ್ನು ಬೇಡುವುದಕ್ಕೂ ಸೈನ್ಯವನ್ನು ಬೇಡುವುದಕ್ಕೂ ನಡುವೆ ಇರುವ ಈ ಅಂತರವೇ ಗಾದೆಯ ಹೃದಯ.

ಸೈನ್ಯವನ್ನು ಬೇಡಿದವರ ಕಥೆಗಳೂ ಉಂಟಷ್ಟೆ. ಯೆಮೆನಿನಿಂದ ಅಬಿಸೀನಿಯರನ್ನು ಓಡಿಸಲು ಸೈಫ್ ಇಬ್ನ್ ದೀ ಯಜನನು ಪಾರಸಿಕ ಚಕ್ರವರ್ತಿಯ ಕಾಲಿಗೆ ಬಿದ್ದನು. ಅಬಿಸೀನಿಯರು ಹೋದರು, ಯೆಮೆನ್ ಪಾರಸಿಕರ ಪ್ರಾಂತ್ಯವಾಯಿತು. ಈಜಿಪ್ಟಿನ ವಜೀರ ಶಾವರನು ಕಳೆದುಕೊಂಡ ಪದವಿಗಾಗಿ ಡಮಾಸ್ಕಸಿನ ನೂರುದ್ದೀನನ ಸೇನೆಯನ್ನು ಕರೆದನು, ಆ ಸೇನೆಯನ್ನು ಹೊರಗಟ್ಟಲು ಜೆರೂಸಲೇಮಿನ ಕ್ರೈಸ್ತರಾಜನನ್ನು ಕರೆದನು, ಆ ರಾಜನೇ 1168ರಲ್ಲಿ ರಾಜ್ಯವನ್ನು ನುಂಗಬಂದಾಗ ಫುಸ್ತಾತ್ ನಗರಕ್ಕೆ ತಾನೇ ಬೆಂಕಿಯಿಡಿಸಿದನು. ಗಾದೆಯ ಬೆಂಕಿ ಇಲ್ಲಿ ಅಲಂಕಾರವಾಗಿ ಉಳಿಯಲಿಲ್ಲ. ಮರುವರ್ಷ ಅವನ ತಲೆಯೂ ಉರುಳಿತು. ಅವನನ್ನು ಸುಟ್ಟದ್ದರಲ್ಲಿ ಸ್ವಧರ್ಮೀಯರ ಕೈಯೂ ಇತ್ತು, ಪರಧರ್ಮೀಯರ ಕೈಯೂ ಇತ್ತು, ಬೆಂಕಿಗೆ ಮತಭೇದವಿಲ್ಲ. ಪ್ಲಾಸಿಯ ಮೀರ್ ಜಾಫರನನ್ನಂತೂ ನಮ್ಮ ಓದುಗರಿಗೆ ಪರಿಚಯಿಸಬೇಕಾದ್ದಿಲ್ಲ.

ಆದುದರಿಂದಲೇ ಹನಫೀ ನ್ಯಾಯಶಾಸ್ತ್ರಜ್ಞರು, ದಂಗೆಕೋರರ ವಿರುದ್ಧ ಅನ್ಯಧರ್ಮೀಯರ ಸಹಾಯವನ್ನು ಪಡೆಯುವ ಪ್ರಸಂಗವನ್ನು ವಿವೇಚಿಸುವಾಗ, ಆಜ್ಞೆ ಯಾರದು ಎಂಬುದನ್ನು ಮುಖ್ಯವಾಗಿ ನೋಡಿದರು. ಕರೆದವನ ಆಜ್ಞೆ ಮೇಲಾಗಿದ್ದರೆ ಸಹಾಯ. ಬಂದವನ ಆಜ್ಞೆ ಮೇಲಾದರೆ ಅದು ಸಹಾಯವೆನಿಸದು. ಕೆಲಸ ಮುಗಿದ ಮೇಲೆ ಸಫ್ವಾನನ ಕವಚವನ್ನು ಹಿಂದಿರುಗಿಸಬಹುದು. ಚಕ್ರವರ್ತಿಯ ದಂಡನ್ನು ಹಿಂದಿರುಗಿಸುವ ಬಗೆ ಹೇಗೆ? 2003ರಲ್ಲಿ ಸದ್ದಾಮನನ್ನು ತೊಲಗಿಸಲು ಅಮೆರಿಕದ ಸೈನ್ಯವನ್ನು ಹಂಬಲಿಸಿದ ಇರಾಕಿ ನಾಯಕರು ಏಪ್ರಿಲಿನಲ್ಲಿ ಬಾಗ್ದಾದಿನ ಪತನವನ್ನು ಕಂಡರು. ಮೇ ತಿಂಗಳಿನಲ್ಲಿ ಭದ್ರತಾ ಮಂಡಳಿಯ ನಿರ್ಣಯವು ತಾವು ವಿಮೋಚಕರೆಂದು ಕರೆದವರನ್ನೇ ದೇಶವನ್ನು ಆಕ್ರಮಿಸಿಕೊಂಡಿರುವ ಶಕ್ತಿಗಳೆಂದು ಹೆಸರಿಸಿದುದನ್ನೂ ಕಂಡರು. ಆಗ ನಜಫಿನ ಧರ್ಮಗುರು ಸಿಸ್ತಾನಿಯವರು ಹೊರಡಿಸಿದ ಫತ್ವಾ ಸ್ಮರಣಾರ್ಹವಾದುದು. ಅವರು ಬಂದೂಕನ್ನೆತ್ತಿರೆನ್ನಲಿಲ್ಲ, ಸಂವಿಧಾನವನ್ನು ಬರೆಯುವವರನ್ನು ನೇಮಿಸುವ ಅಧಿಕಾರ ಹೊರಗಿನವರಿಗಿಲ್ಲ, ಇರಾಕಿ ಜನರು ಆರಿಸಿದವರೇ ಅದನ್ನು ಬರೆಯತಕ್ಕದ್ದು ಎಂದರು. ಒಪ್ಪಿಸಿಕೊಟ್ಟ ಆಜ್ಞೆಯನ್ನು ಮರಳಿ ಕೇಳಿದ ಮಾತದು.

ಇಷ್ಟನ್ನು ಓದಿ ಸಿಂಹಾಸನಗಳ ಮೇಲೆ ಕುಳಿತವರು ಹಿಗ್ಗಬೇಕಾದುದಿಲ್ಲ. ಪ್ರಜೆಗಳ ಬಾಯನ್ನು ಕಟ್ಟಲು ಈ ಗಾದೆಯನ್ನೇ ಹಿಡಿಯುವ ಆಳರಸರನ್ನು ನಾನು ಬಲ್ಲೆ. ತಮ್ಮ ಗದ್ದುಗೆಗೆ ಅಪಾಯ ಬಂದಾಗ ಪರರ ವಿಮಾನಗಳಿಗೆ ತಮ್ಮ ಮರುಭೂಮಿಯನ್ನು ಹಾಸಿಕೊಡುವವರೂ ಅವರೇ. ಅವರು ಕಥೆಯನ್ನು ಅರ್ಧದಲ್ಲಿ ನಿಲ್ಲಿಸುತ್ತಾರೆ. ನೀರಿಗಾಗಿ ಕೈಚಾಚಿದ ಕುಲೈಬನಾರು? ಹುಲ್ಲುಗಾವಲುಗಳನ್ನೆಲ್ಲ ತನ್ನವೆಂದು ಗಡಿಹಾಕಿ, ಪರರ ಒಂಟೆಗಳನ್ನು ಅಲ್ಲಿ ಮೇಯಗೊಡದೆ, ಒಳನುಗ್ಗಿದ ಒಂದು ಹೆಣ್ಣೊಂಟೆಯ ಕೆಚ್ಚಲಿಗೆ ಬಾಣವನ್ನೆಸೆದ ಮದಾಂಧ ಅವನು. ಅಮ್ರನು ಬೆಂಕಿಯಾದದ್ದು ನಿಜ. ಆದರೆ ತಾನು ಬಿದ್ದ ಮರಳನ್ನು ಅಷ್ಟು ವರ್ಷ ಕಾಯಿಸಿದವನು ಕುಲೈಬನೇ.